ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಬರಗಾಲದಲ್ಲೂ ಮೇವು ಹೆಚ್ಚೀತೇ?

ಪ್ರಶ್ನೆ – ಶಿರಸಿಯ ಹೈನುಗಾರ
ನಮ್ಮ ಕೊಟ್ಟಿಗೆಗೆ ಬೇಕಾದ ಒಣಮೇವು ಹಾವೇರಿ ಕಡೆಯಿಂದ ಬರುತ್ತದೆ. 2023ರ ಬರದಲ್ಲಿ ಅದು ಸಿಗುವುದೇ ಕಷ್ಟವಾಗಿತ್ತು. ಇಂಗಾಲದ ಡೈಆಕ್ಸೈಡ್ ಸಸ್ಯಗಳ ಆಹಾರವಾದ್ದರಿಂದ, ಅದು ಹೆಚ್ಚಿದಷ್ಟೂ ಬಯಲುಸೀಮೆಯ ಗೋಮಾಳಗಳು ಹಸಿರಾಗುತ್ತವೆ ಎಂದು ಪರಿಚಿತರೊಬ್ಬರು ವಾದಿಸುತ್ತಾರೆ. ನೀರೇ ಇಲ್ಲದ ಕಡೆ ಇದು ನಿಜವಾದೀತೇ?

ಉತ್ತರ – ಕಾರವಾರದ ಸಸ್ಯಶಾಸ್ತ್ರ ಬೋಧಕಿ
ಅವರ ಮಾತು ಪೂರ್ತಿ ಸುಳ್ಳಲ್ಲ. ಎಲೆಯ ಪತ್ರರಂಧ್ರಗಳ ಮೂಲಕ ಈ ಅನಿಲ ಒಳಬರುವಾಗ ನೀರಾವಿ ಹೊರಹೋಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಅನಿಲ ಈಗ 420ನ್ನು ದಾಟಿರುವುದರಿಂದ, ರಂಧ್ರಗಳನ್ನು ಕಿರಿದಾಗಿಸಿಕೊಂಡೂ ಗಿಡ ತನಗೆ ಬೇಕಾದಷ್ಟನ್ನು ಪಡೆಯಬಲ್ಲದು. ಮಣ್ಣಿನ ತೇವವೂ ಕೆಲವು ದಿನ ಹೆಚ್ಚು ಉಳಿಯುತ್ತದೆ. ಅಮೆರಿಕದ ವಯೋಮಿಂಗ್ ಹುಲ್ಲುಗಾವಲಿನಲ್ಲಿ ಅನಿಲವನ್ನು 600ಕ್ಕೆ ಏರಿಸಿ, ಜೊತೆಗೆ ಬಿಸಿಯನ್ನೂ ಹೆಚ್ಚಿಸಿ ನೋಡಿದಾಗ, ಬಿಸಿಯಿಂದ ಆಗಬೇಕಿದ್ದ ಒಣಗುವಿಕೆಯನ್ನು ಈ ಉಳಿತಾಯ ತಡೆದದ್ದು ಕಂಡುಬಂತು. ಆದರೆ ಉಳಿಸುವುದಕ್ಕೆ ಮೊದಲು ಮಳೆ ಬಿದ್ದಿರಬೇಕಲ್ಲ! ಇಡೀ ಮುಂಗಾರು ಕೈಕೊಟ್ಟರೆ ಈ ಲಾಭ ಎಲ್ಲಿಯೂ ನಿಲ್ಲದು.

ಉತ್ತರ – ಮುಂಡಗೋಡದ ಕೃಷಿಕ
ಲಾಭ ಯಾವ ಗಿಡಕ್ಕೆ ಎಂಬುದನ್ನೂ ಕೇಳಬೇಕು. ಜೋಳ ಮತ್ತು ಬಯಲಿನ ಹೆಚ್ಚಿನ ಹುಲ್ಲುಗಳು ಸಿ4 ಗುಂಪಿನವು; ಅವು ಎಲೆಯೊಳಗೇ ಅನಿಲವನ್ನು ಸಾಂದ್ರಗೊಳಿಸಿಕೊಳ್ಳುವುದರಿಂದ ನೇರ ಲಾಭ ಅವಕ್ಕೆ ಕಡಿಮೆ, ನೀರಿನ ಉಳಿತಾಯವೊಂದೇ ಗಳಿಕೆ. ಹೀಗೆ ಸಾಂದ್ರಗೊಳಿಸಿಕೊಳ್ಳಲಾಗದ ಸಿ3 ಗುಂಪಿನ ಬಳ್ಳಾರಿ ಜಾಲಿಗೂ ಲಂಟಾನಕ್ಕೂ ಎರಡೂ ದಕ್ಕುತ್ತವೆ. ಉಪಗ್ರಹದ ಚಿತ್ರದಲ್ಲಿ ಜಾಲಿಯೂ ಹಸಿರೇ, ಆಕಳಿಗೆ ಮಾತ್ರ ಅಲ್ಲ. (ಹಾಗೆಂದು ಜಾಲಿ ಹಬ್ಬಿದ ದೋಷವನ್ನೆಲ್ಲ ಗಾಳಿಯ ಮೇಲೆ ಹೊರಿಸಲಾಗದು, ಅದರ ಕಾಯಿ ತಿಂದು ಬೀಜ ಹರಡುವವು ನಮ್ಮ ದನಗಳೇ.)

ಶಿರಸಿಯ ಹೈನುಗಾರ
ಹಾಗಾದರೆ ಸಿಕ್ಕ ಮೇವಿನ ಗುಣ?

ಕಾರವಾರದ ಬೋಧಕಿ
ಸಿ3 ಗುಂಪಿನಲ್ಲಿ ಪಿಷ್ಟ ಹೆಚ್ಚಿ, ಸಾರಜನಕದ ಪಾಲು, ಅಂದರೆ ಪ್ರೋಟೀನು, ಇಳಿಯುತ್ತದೆ. ಭತ್ತದ ಹುಲ್ಲಿನಲ್ಲಿ ಅದು ಮೊದಲೇ ಕಡಿಮೆ. ಬೇರುಗಂಟುಗಳಲ್ಲಿ ತಾವೇ ಸಾರಜನಕ ಕೂಡಿಸಿಕೊಳ್ಳುವ ದ್ವಿದಳ ಗಿಡಗಳಲ್ಲಿ ಈ ಇಳಿಕೆ ಅಷ್ಟಿರದು. ಆದ್ದರಿಂದ ಮೇವು ತರಿಸುವಾಗ ಜೋಳದ ಕಣಿಕೆಯೊಂದಿಗೆ ಶೇಂಗಾ ಹೊಟ್ಟನ್ನೂ ಹುರುಳಿ ಹೊಟ್ಟನ್ನೂ ಕೇಳಿ ನೋಡಿ.