ಕೊರಿಯನ್ ಕಲಿಯಲು ಹೊಸಬರಿಗೆ ಎಷ್ಟು ಕಾಲ ಬೇಕು? 2,200 ಗಂಟೆಯ ಲೆಕ್ಕ ಕನ್ನಡದವರಿಗೂ ಸರಿಯೇ?

ಹೊಸಪಾಠ (ಪ್ರಶ್ನೆ):
ಕೊರಿಯನ್ ಶುರು ಮಾಡಬೇಕೆಂದಿದ್ದೇನೆ. ಅಕ್ಷರವೂ ಗೊತ್ತಿಲ್ಲ. ದಿನಕ್ಕೆ ಒಂದು ಗಂಟೆ ಖಂಡಿತ ಕೊಡಬಲ್ಲೆ. ಹುಡುಕಿದಲ್ಲೆಲ್ಲ 2,200 ಗಂಟೆ ಎಂಬ ಅಂಕಿಯೇ ಸಿಗುತ್ತದೆ. ಆ ಲೆಕ್ಕದಲ್ಲಿ ಆರು ವರ್ಷ! ಇನ್ನು ಕೆಲವರು ಮೂರೇ ತಿಂಗಳು ಸಾಕು ಎನ್ನುತ್ತಾರೆ. ಯಾವುದನ್ನು ನಂಬಲಿ? ಟೋಪಿಕ್ (ಕೊರಿಯನ್ ಭಾಷಾ ಸಾಮರ್ಥ್ಯ) ಪರೀಕ್ಷೆಯ 2ನೇ ಹಂತ ಮುಟ್ಟಲು ಎಷ್ಟು ಬೇಕು, ಸಬ್‌ಟೈಟಲ್ ಇಲ್ಲದೆ ಧಾರಾವಾಹಿ ನೋಡಲು ಎಷ್ಟು ಬೇಕು?

ಪದಪಂಕ್ತಿ:
2,200 ಗಂಟೆ ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯ ಲೆಕ್ಕ: 88 ವಾರಗಳ ತರಗತಿ. ಅದು ಇಂಗ್ಲಿಷ್ ಮಾತೃಭಾಷೆಯವರಿಗೆ, ಅದೂ ರಾಜತಾಂತ್ರಿಕ ಕೆಲಸ ಮಾಡುವ ಮಟ್ಟಕ್ಕೆ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಅಳತೆ ಕೊರಿಯಾದ ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳದ್ದು. ಅಲ್ಲಿ ಸಾಮಾನ್ಯವಾಗಿ ಒಂದು ಹಂತಕ್ಕೆ 10 ವಾರ, ಅಂದರೆ 200 ಗಂಟೆ. ಟೋಪಿಕ್‌ನ ಹಾಗೆ ಅಲ್ಲೂ ಆರು ಹಂತ, ಒಟ್ಟು 1,200 ಗಂಟೆ. ಹೋಂವರ್ಕ್ ಬೇರೆ. ಹಾಗಾಗಿ 2ನೇ ಹಂತಕ್ಕೆ 400 ಗಂಟೆ, ನಿಮ್ಮ ವೇಗದಲ್ಲಿ ಹದಿಮೂರು ತಿಂಗಳು. ಕನ್ನಡ ಚೆನ್ನಾಗಿ ಬಂದರೆ ಹತ್ತು, ಹನ್ನೊಂದು ತಿಂಗಳಿಗೂ ಆಗುತ್ತದೆ ಎಂಬುದು ನನ್ನ ಅಂದಾಜು.

ಯಾಕೆ ಅಂದರೆ ವ್ಯಾಕರಣದ ಅರ್ಧ ಭಾಗ ನಿಮ್ಮ ಬಾಯಲ್ಲೇ ಇದೆ. ಈ ಪದಪುಂಜ ನೋಡಿ: ಒಜೆ ನೆಗಾ ಇಲ್ಗುನ್ ಛೆಕ್. ಒಜೆ ಅಂದರೆ ನಿನ್ನೆ, ನೆಗಾ ನಾನು, ಇಲ್ಗುನ್ ಓದಿದ, ಛೆಕ್ ಪುಸ್ತಕ. "ನಿನ್ನೆ ನಾನು ಓದಿದ ಪುಸ್ತಕ." ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಿಲ್ಲ. "ತಿಂದು ನೋಡು" ಅನ್ನುವಾಗ ನಾವು ಕಣ್ಣಿನಿಂದ ನೋಡುವುದಿಲ್ಲವಲ್ಲ, ಕೊರಿಯನ್ನಿನ "ಮೊಗೊ ಬೊದಾ"ದಲ್ಲೂ ಅದೇ ನೋಡು. "ಬರೆದು ಕೊಡು"ವಿನ ಕೊಡು, "ತಿಂದು ಬಿಟ್ಟ"ದ ಬಿಡು, "ಬರೆದಿಡು"ವಿನ ಇಡು, ಮೂರಕ್ಕೂ ಅಲ್ಲಿ ಜೋಡಿ ಇದೆ. ಇಲ್ಲ (ಒಪ್ಸೊಯೊ) ಬೇರೆ, ಅಲ್ಲ (ಅನಿಯೆಯೊ) ಬೇರೆ. "ಬರ್ತಾನಂತೆ" ಅನ್ನುವ ನಮ್ಮ ಅಂತೆಗೂ ಒಂದು ಪ್ರತ್ಯಯವಿದೆ: ಒನ್ದೆಯೊ. ಇಂಗ್ಲಿಷ್ ಪಠ್ಯಪುಸ್ತಕ ಇವನ್ನೆಲ್ಲ ಪುಟಗಟ್ಟಲೆ ವಿವರಿಸುತ್ತದೆ. ನೀವು ವಿವರಣೆ ಬಿಟ್ಟು ಉದಾಹರಣೆಗೆ ಹೋಗಿ, ಪಕ್ಕದಲ್ಲಿ ಕನ್ನಡ ವಾಕ್ಯ ಬರೆದುಕೊಳ್ಳಿ.

ಕಿವಿಮಾತು:
ವ್ಯಾಕರಣದಲ್ಲಿ ಉಳಿಸಿದ ಸಮಯವೆಲ್ಲ ಉಚ್ಚಾರಣೆಗೆ ಖರ್ಚಾಗುತ್ತದೆ, ಇದನ್ನು ಮೊದಲೇ ತಿಳಿದಿರಿ.

ಲಿಪಿಗೆ ಭಯ ಬೇಡ. ಹಂಗುಲ್ ಲಿಪಿಯನ್ನು ರಾಜ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ್ದೇ ಸಾಮಾನ್ಯ ಜನ ಸುಲಭವಾಗಿ ಕಲಿಯಲೆಂದು. ಮೂಲ ವ್ಯಂಜನ 14, ಸ್ವರ 10. ಜೋಡಿ ಅಕ್ಷರ ಸೇರಿಸಿದರೆ ಒಟ್ಟು 40. ಕಾಗುಣಿತ, ಒತ್ತಕ್ಷರ ಬರೆದ ಕೈಗೆ ಅಕ್ಷರಗಳನ್ನು ಒಂದು ಚೌಕದೊಳಗೆ ಜೋಡಿಸುವುದು ಹೊಸದಲ್ಲ. ಗುರುತು ಹಿಡಿಯಲು ಒಂದು ವಾರ, ತಡವರಿಸದೆ ಓದಲು ಒಂದು ತಿಂಗಳು.

ತೊಡಕು ಮೂರು ಕಡೆ. ಮೊದಲನೆಯದು ತಲ್, ಥಲ್ ಬಗೆಯ ಪದಗಳು. ಚಂದ್ರ, ಮಗಳು, ಮುಖವಾಡ ಈ ಮೂರಕ್ಕೂ ಕೊರಿಯನ್ನಿನಲ್ಲಿ ಮೊದಲ ವ್ಯಂಜನದ್ದೇ ವ್ಯತ್ಯಾಸ. ಮಗಳಿಗೆ ನಮ್ಮ ಉಸಿರಿಲ್ಲದ ತ ಹತ್ತಿರ, ಗಂಟಲು ಬಿಗಿಯಾಗಿರಬೇಕು. ಮುಖವಾಡಕ್ಕೆ ಥ. ಚಂದ್ರನದು ಸಡಿಲ ಧ್ವನಿ: ಸ್ವಲ್ಪ ಉಸಿರು, ಮುಂದಿನ ಸ್ವರದ ಸ್ಥಾಯಿ ತಗ್ಗು. ಕನ್ನಡದ ಕಿವಿ ಅದನ್ನು ಒಮ್ಮೆ ದ, ಒಮ್ಮೆ ತ ಎಂದು ಕೇಳುತ್ತದೆ. ಬಾಯಿ ಮುಂದೆ ತೆಳು ಕಾಗದ ಹಿಡಿದು ಹೇಳಿ: ಮುಖವಾಡಕ್ಕೆ ಕಾಗದ ಹಾರಬೇಕು, ಮಗಳಿಗೆ ಅಲುಗಬಾರದು. ದಿನಾ ಐದು ನಿಮಿಷ, ಎರಡು ತಿಂಗಳು.

ಎರಡನೆಯದು ಉಚ್ಚಾರಾಂಶದ ಕೊನೆಯ ವ್ಯಂಜನ, ಬಾಛಿಮ್. ನಾವು ಅಭ್ಯಾಸಬಲದಿಂದ ಕೊನೆಗೊಂದು ಉಕಾರ ಸೇರಿಸಿ ಛೆಕ್ ಅನ್ನು ಛೆಕ್ಕು ಮಾಡುತ್ತೇವೆ. ನಾಲಿಗೆ ಕ್ ಸ್ಥಾನಕ್ಕೆ ಹೋಗಿ ಅಲ್ಲೇ ನಿಲ್ಲಬೇಕು, ಬಿಡಬಾರದು. ಬರೆಯುವ ವ್ಯಂಜನ ಹಲವು, ಕೇಳಿಸುವುದು ಏಳೇ.

ಮೂರನೆಯದು ಸಂಧಿ, ಇಲ್ಲಿ ಮಾತ್ರ ಖುಷಿಯ ಸುದ್ದಿ. ಹಂಗುಕ್ ಮತ್ತು ಮಲ್ ಸೇರಿದರೆ ಹಂಗುಙ್ಮಲ್. ವಾಕ್ + ಮಯ = ವಾಙ್ಮಯ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಅನುನಾಸಿಕ ಸಂಧಿ!

ಒಂದು ಕಳಕಳಿಯ ಮಾತು: ಮೊದಲ ವಾರದ ನಂತರ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳಬೇಡಿ. ಮೇಲಿನ "ಒಪ್ಸೊಯೊ"ವನ್ನೇ ನೋಡಿ. ಕನ್ನಡದಲ್ಲಿ ಮೂರೂ ಕಡೆ ಒಂದೇ ಒಕಾರ. ಮೂಲದಲ್ಲಿ ಮೊದಲಿನ ಎರಡು ತುಟಿ ದುಂಡಗಾಗದ, ಅ ಮತ್ತು ಒ ನಡುವಿನ ಸ್ವರ. ಕೊನೆಯದಕ್ಕೆ ಮಾತ್ರ ತುಟಿ ದುಂಡಗಾಗುತ್ತದೆ. ಈ ತಪ್ಪು ಒಮ್ಮೆ ಕೂತರೆ ಎಬ್ಬಿಸುವುದು ಬಲು ಕಷ್ಟ.

ನುಡಿಗಟ್ಟು:
ಪದಪಂಕ್ತಿಯವರ ಮಾತಿಗೆ ಒಂದು ತಿದ್ದುಪಡಿ. ಕನ್ನಡದ ಹೋಲಿಕೆ ಕೈಕೊಡುವ ಜಾಗಗಳೂ ಇವೆ. ನಮಗೆ "ಮನೆಯಲ್ಲಿ ಇದ್ದೇನೆ", "ಮನೆಯಲ್ಲಿ ತಿನ್ನುತ್ತೇನೆ" ಎರಡಕ್ಕೂ "ಅಲ್ಲಿ". ಅವರಿಗೆ ಇರುವುದಕ್ಕೆ "ಎ", ಕ್ರಿಯೆ ನಡೆಯುವುದಕ್ಕೆ "ಎಸೊ": ಜಿಬೆ ಇಸ್ಸೊಯೊ, ಜಿಬೆಸೊ ಮೊಗೊಯೊ. ಕರ್ತೃವಿಗೆ ನಾವು ಸಾಮಾನ್ಯವಾಗಿ ಪ್ರತ್ಯಯ ಹಚ್ಚುವುದಿಲ್ಲ, ಹಾಗಾಗಿ ಉನ್/ನುನ್ (ಮಾತಿನ ವಿಷಯ ತೋರಿಸುವ ಪ್ರತ್ಯಯ) ಮತ್ತು ಇ/ಗಾ (ಕರ್ತೃವಿನ ಪ್ರತ್ಯಯ) ನಡುವಿನ ಗೊಂದಲ 3ನೇ ಹಂತದವರೆಗೂ ಬೆನ್ನು ಬಿಡುವುದಿಲ್ಲ.

ಗೌರವದ ವಿಷಯದಲ್ಲಿ "ಅಜ್ಜ ಬಂದರು ಕಣೋ" ನೆನಪಿಡಿ. "ಅರು" ಅಜ್ಜನಿಗೆ, "ಕಣೋ" ಗೆಳೆಯನಿಗೆ. ಕೊರಿಯನ್ನಿನಲ್ಲೂ ಹೀಗೆ ಎರಡು ಬೇರೆ ಬೇರೆ ಪದರ: ಯಾರ ಬಗ್ಗೆ ಹೇಳುತ್ತೀರೋ ಅವರಿಗೆ "ಶಿ", ಯಾರಿಗೆ ಹೇಳುತ್ತೀರೋ ಅವರಿಗೆ ತಕ್ಕ ಕೊನೆ. ಆದರೆ "ನೀವು" ಎಂದುಕೊಂಡು "ದಂಗ್‌ಶಿನ್" ಬಳಸಬೇಡಿ. ಅಪರಿಚಿತರಿಗೆ ಅದು ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ಹುದ್ದೆ ಹೇಳಿ ಕರೆಯುವುದು, ಹೆಸರಿನ ಜೊತೆ "ಸ್ಸಿ" ಸೇರಿಸುವುದು, ಅಥವಾ ಸರ್ವನಾಮವನ್ನೇ ಬಿಡುವುದು.

ಸಂಖ್ಯೆಗೆ ಎರಡು ವಾರ ಪ್ರತ್ಯೇಕ ಇಡಿ. ಗಂಟೆಗೆ ದೇಸಿ ಎಣಿಕೆ, ನಿಮಿಷಕ್ಕೆ ಚೀನೀ ಮೂಲದ ಎಣಿಕೆ, ಅದೂ ಒಂದೇ ವಾಕ್ಯದಲ್ಲಿ.

ಹೊಸಪಾಠ:
ಬಹಳ ಉಪಕಾರವಾಯಿತು. ದಿನಕ್ಕೆ ಎಷ್ಟು ಪದ ಕಲಿಯಬೇಕು? ಧಾರಾವಾಹಿಯ ಪ್ರಶ್ನೆ ಹಾಗೇ ಉಳಿಯಿತು.

ಪದಪಂಕ್ತಿ:
ನುಡಿಗಟ್ಟು ಅವರ ತಿದ್ದುಪಡಿ ಸರಿ, ಒಪ್ಪಿದೆ.

ಟೋಪಿಕ್ 1ನೇ ಹಂತಕ್ಕೆ ಸುಮಾರು 800 ಪದ, 2ನೆಯದಕ್ಕೆ 1,500ರಿಂದ 2,000. ದಿನಕ್ಕೆ ಎಂಟು ಹೊಸ ಪದ ಮೀರಬೇಡಿ. ಇಪ್ಪತ್ತು ಹಾಕಿಕೊಂಡವರಿಗೆ ಆರನೇ ವಾರದ ಹೊತ್ತಿಗೆ ಹಳೆಯದರ ಪುನರಾವರ್ತನೆಗೇ ಇಡೀ ಗಂಟೆ ಹೋಗಿ, ಕೇಳುವುದು ನಿಂತೇ ಹೋಗುತ್ತದೆ. ಪಟ್ಟಿ ಬೇಕಿದ್ದರೆ ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ 2003ರಲ್ಲಿ ಹೊರತಂದ 5,965 ಪದಗಳದ್ದು ಹಿಡಿಯಿರಿ. ಮೊದಲ ದರ್ಜೆಯ 982 ಪದಗಳಿಂದ ಶುರು. ಚೀನೀ ಮೂಲದ ಪದಗಳನ್ನು ಬೇರು ಹಿಡಿದು ಕಲಿಯಿರಿ: "ಹಕ್" ಅಂದರೆ ವಿದ್ಯೆ, ಹಕ್ಕ್ಯೊ ವಿದ್ಯಾಲಯ, ಹಕ್ಸೆಂಗ್ ವಿದ್ಯಾರ್ಥಿ. ನಮ್ಮ ಸಂಸ್ಕೃತ ಪದಗಳ ಹಾಗೆಯೇ ಗೊಂಚಲು ಗೊಂಚಲಾಗಿ ಸಿಗುತ್ತವೆ.

1 ಮತ್ತು 2ನೇ ಹಂತಕ್ಕೆ ಒಂದೇ ಪ್ರಶ್ನೆಪತ್ರಿಕೆ, 200 ಅಂಕ. 80 ಬಂದರೆ 1ನೇ ಹಂತ, 140 ಬಂದರೆ 2ನೆಯದು. ಓದುವ ಭಾಗದಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಅನೇಕರು ಎಡವುವುದು ಅರ್ಥ ಗೊತ್ತಿಲ್ಲದೆ ಅಲ್ಲ, ಓದುವ ವೇಗ ಸಾಲದೆ. ಅದರಲ್ಲಿ ಮಾತಾಡುವುದೂ ಬರೆಯುವುದೂ ಇಲ್ಲ, ಹಾಗಾಗಿ ಪಾಸಾದರೂ ಬಾಯಿ ಬಿಡಲಾಗದವರು ಬೇಕಾದಷ್ಟಿದ್ದಾರೆ. ವಾರಕ್ಕೆ ಎರಡು ದಿನವಾದರೂ ಗಟ್ಟಿಯಾಗಿ ಮಾತಾಡಲು ಇಡಿ.

ಧಾರಾವಾಹಿಗೆ 4ನೇ ಹಂತದ ಭಾಷೆ ಬೇಕು, ಅಂದರೆ 800ರಿಂದ 1,000 ಗಂಟೆ. ನಿಮ್ಮ ಲೆಕ್ಕದಲ್ಲಿ ಎರಡೂವರೆ ವರ್ಷ. ಪಠ್ಯದಲ್ಲಿ ಕಲಿಸುವುದು "ಯೊ" ಕೊನೆಯ ಮರ್ಯಾದೆಯ ಮಾತು, ಪಾತ್ರಗಳು ಆಡುವುದು ಬಹುಪಾಲು ಸಲಿಗೆಯ "ಬನ್ಮಲ್". ಅದಕ್ಕೆ ಆರನೇ ತಿಂಗಳಿನಿಂದ ಎರಡು ನಿಮಿಷದ ಒಂದೇ ದೃಶ್ಯ ಆರಿಸಿ: ಮೊದಲು ಬರಿ ಕೇಳುವುದು, ಆಮೇಲೆ ಕೊರಿಯನ್ ಸಬ್‌ಟೈಟಲ್ ಹಾಕಿ ಬಿಟ್ಟುಹೋದದ್ದನ್ನು ಗುರುತಿಸುವುದು, ಕೊನೆಗೆ ಸಬ್‌ಟೈಟಲ್ ತೆಗೆದು ಮತ್ತೆ ಕೇಳುವುದು. ವಾರವಿಡೀ ಅದೇ ದೃಶ್ಯ.