ಸಹಾಯ ಬೇಕು: ಆಟಿಸಂ ಮಾದರಿಯ ಹೆಣ್ಣು ಇಲಿಗಳಿಗೆ ಯಾವ ಪರೀಕ್ಷೆ ಸರಿ?

ಎಲ್ಲರಿಗೂ ನಮಸ್ಕಾರ. ಗರ್ಭದಲ್ಲಿದ್ದಾಗಲೇ ವಾಲ್ಪ್ರೋಯೇಟ್ (ಅಪಸ್ಮಾರದ ಔಷಧಿ, ಇಲಿಗಳಲ್ಲಿ ಆಟಿಸಂ ತರಹದ ಲಕ್ಷಣ ತರಿಸೋಕೆ ಬಳಸುತ್ತಾರೆ) ತಾಗಿದ ಇಲಿಮರಿಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಬೇರೆ ಇಲಿಯ ಜೊತೆ ಬೆರೆಯೋದನ್ನು ಅಳೆಯುವ ಮೂರು ಕೋಣೆಯ ಪರೀಕ್ಷೆಯಲ್ಲಿ ಗಂಡುಗಳು ಬೇರೆ ಇಲಿಯ ಹತ್ತಿರ ಹೋಗೋದು ಕಡಿಮೆ, ಹೆಣ್ಣುಗಳಲ್ಲಿ ಅಷ್ಟು ವ್ಯತ್ಯಾಸ ಕಾಣುತ್ತಿಲ್ಲ. ಹಾಗಂತ ಹೆಣ್ಣುಗಳಿಗೆ ಏನೂ ಆಗಿಲ್ಲ ಅಂತ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ, ಯಾಕಂದ್ರೆ ಈ ಪರೀಕ್ಷೆಗಳನ್ನು ವರ್ಷಗಟ್ಟಲೆ ಹೆಚ್ಚಾಗಿ ಗಂಡುಗಳ ಮೇಲೇ ಮಾಡಿಕೊಂಡು ಬಂದಿದ್ದಾರೆ ಅಲ್ವಾ, ಹೆಣ್ಣುಗಳ ತೊಂದರೆ ಬೇರೆ ರೀತಿಯಲ್ಲಿದ್ದರೆ ಇದರಲ್ಲಿ ಸಿಗೋದೇ ಇಲ್ಲ. ಆತಂಕ, ಮೈ ಉಜ್ಜಿಕೊಳ್ಳೋದು, ಮರಿಗಳ ಅಲ್ಟ್ರಾಸಾನಿಕ್ (ನಮ್ಮ ಕಿವಿಗೆ ಕೇಳಿಸದ) ಕೂಗು, ಇವುಗಳಲ್ಲಿ ಮೊದಲು ಯಾವುದನ್ನು ನೋಡಲಿ?

ಇನ್ನೊಂದು ವಿಷಯ. ಹೆಣ್ಣುಗಳ ಹಾರ್ಮೋನ್ ಚಕ್ರ 4-5 ದಿನದ್ದು. ಪರೀಕ್ಷೆಯ ದಿನ ಅದರ ಹಂತ ಗುರುತಿಸಲೇಬೇಕಾ? ಒಂದೇ ತಾಯಿಯ ಮರಿಗಳನ್ನು ಬೇರೆ ಬೇರೆ ಅಂತ ಎಣಿಸಬಾರದು ಅನ್ನೋದು ಗೊತ್ತು, ಆದರೆ ಲಿಂಗವನ್ನೂ ಸೇರಿಸಿ ಲೆಕ್ಕ ಹಾಕುವಾಗ ಯಾವ ಸಂಖ್ಯಾಶಾಸ್ತ್ರದ ಮಾದರಿ ಬಳಸುತ್ತೀರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.