ಲೇಸರ್ ಲೆಕ್ಕ ನಂಬಿ ಮರ ಕಡಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಫಿನ್ಲೆಂಡಿನ ಯೂವಾಸ್ಕೂಲಾ ಸಮೀಪ. ಅತ್ತೆಯವರ ಹೆಸರಿನಲ್ಲಿ ಒಂಬತ್ತು ಹೆಕ್ಟೇರ್ ಸ್ಪ್ರೂಸ್ (ಸೂಜಿ ಎಲೆಯ ಮರ) ಕಾಡಿದೆ. ಇಲ್ಲಿನ ಅರಣ್ಯ ಕೇಂದ್ರದ ಜಾಲತಾಣದಲ್ಲಿ, ವಿಮಾನದಿಂದ ಲೇಸರ್ ಹಾಯಿಸಿ ಮಾಡಿದ ಲೆಕ್ಕದಂತೆ, ಒಂದು ಭಾಗದಲ್ಲಿ ಹೆಕ್ಟೇರಿಗೆ 230 ಘನ ಮೀಟರ್ ಮರವಿದೆ, ವಿರಳಗೊಳಿಸುವ, ಅಂದರೆ ಕೆಲವು ಮರಗಳನ್ನು ಕಡಿದು ಉಳಿದವಕ್ಕೆ ಜಾಗ ಮಾಡಿಕೊಡುವ, ಕಾಲ ಬಂದಿದೆ ಎಂದಿದೆ. ನಾಟಾ ಕೊಳ್ಳುವವರು ಅದೇ ಅಂಕಿ ತೋರಿಸಿ ಅವಸರ ಮಾಡುತ್ತಿದ್ದಾರೆ. ಅತ್ತೆಗೆ ಮಂಡಿನೋವು, ಕಾಡು ಸುತ್ತಲಾರರು. ನಂಬಬಹುದೇ?

ಉತ್ತರ: ಎತ್ತರದ ಮಟ್ಟಿಗೆ ಧೈರ್ಯವಾಗಿ ನಂಬಿ. ಮರದ ತುದಿಗೂ ನೆಲಕ್ಕೂ ತಾಗಿ ಮರಳುವ ಬೆಳಕಿನ ಸಮಯದ ವ್ಯತ್ಯಾಸವೇ ಎತ್ತರ. ಅದರಲ್ಲಿ ಲೇಸರ್ ಎಡವುವುದು ಕಡಿಮೆ. ಆದರೆ ಘನ ಮೀಟರ್ ಅಳೆದದ್ದಲ್ಲ, ಅಂದಾಜಿಸಿದ್ದು. ಆಯ್ದ ಕೆಲವು ಜಾಗಗಳಲ್ಲಿ ಜನರು ಮರಗಳನ್ನು ಅಳೆದು, ಆ ಅಳತೆಗೂ ಲೇಸರ್ ಅಂಕಿಗೂ ಇರುವ ಸಂಬಂಧವನ್ನು ಕಾಡಿನ ನಕ್ಷೆಯ 16 ಮೀಟರ್ ಬದಿಯ ಪ್ರತಿ ಚೌಕಕ್ಕೂ ಅನ್ವಯಿಸುತ್ತಾರೆ. ಹಾರಾಟದ ನಂತರದ ಬೆಳವಣಿಗೆಯನ್ನೂ ಸೂತ್ರದಿಂದ ಕೂಡಿಸುತ್ತಾರೆ. ಗಾಳಿಗೆ ಬಿದ್ದ ಮರಗಳು ಯಾರೂ ತಿಳಿಸದಿದ್ದರೆ ಆ ಲೆಕ್ಕದಲ್ಲಿ ಇನ್ನೂ ನಿಂತೇ ಇರುತ್ತವೆ.

ನನಗೆ ಹೆಚ್ಚು ಚಿಂತೆ ಬುಡ ಕೊಳೆತದ್ದು. ಸ್ಪ್ರೂಸ್ ಹೊರಗೆ ಹಸಿರಾಗಿಯೇ ಇದ್ದು ಒಳಗೆ ಟೊಳ್ಳಾಗಿರಬಹುದು. ಮೇಲಿನಿಂದ ಯಾವ ಲೇಸರೂ ಅದನ್ನು ಕಾಣದು. ಕೊಳೆತ ದಿಮ್ಮಿ ಹಲಗೆಗೆ ಹೋಗದೆ ಕಾಗದದ ತಿರುಳಿಗೆ ಹೋದರೆ ಬೆಲೆ ಬಹಳ ಇಳಿಯುತ್ತದೆ. ಹಣವನ್ನು ಸಾಮಾನ್ಯವಾಗಿ ಕಡಿಯುವ ಯಂತ್ರದ ಅಳತೆಯಂತೆಯೇ ಕೊಡುವುದರಿಂದ 230 ತಪ್ಪಾದರೂ ನಿಮಗೆ ಮೋಸವಾಗದು. ತಪ್ಪು ವರ್ಷದಲ್ಲಿ ಕಡಿಸಿದರೆ ಮಾತ್ರ ಸರಿಪಡಿಸಲು ಬಾರದು. ಆದ್ದರಿಂದ ನೀವೇ ಒಂದು ದಿನ ಹೋಗಿ. ಕಾಂಡಗಳ ದಟ್ಟಣೆ ಅಳೆಯುವ, ಸೀಳಿರುವ ಸಣ್ಣ ಸಾಧನವಾದ ರೆಲಾಸ್ಕೋಪನ್ನು ಕಣ್ಣ ಬಳಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ, ಅದರ ಸೀಳಿಗಿಂತ ದಪ್ಪ ಕಾಣುವ ಕಾಂಡಗಳನ್ನು ಎಣಿಸಿ. ಅಲ್ಲಿ ಬಳಸುವ ಸಾಮಾನ್ಯ ಅಳತೆಯಲ್ಲಿ ಎಣಿಸಿದ ಒಂದು ಕಾಂಡವೆಂದರೆ ಹೆಕ್ಟೇರಿಗೆ ಒಂದು ಚದರ ಮೀಟರ್ ಅಡ್ಡಕೊಯ್ತ, ಅಂದರೆ ಕಾಂಡಗಳನ್ನು ಅಡ್ಡ ಕೊಯ್ದರೆ ಕಾಣುವ ಮುಖಗಳ ಒಟ್ಟು ವಿಸ್ತೀರ್ಣ. ಐದಾರು ಕಡೆ ಎಣಿಸಿ, ಜಾಲತಾಣದಲ್ಲಿರುವ ಅಡ್ಡಕೊಯ್ತದ ಅಂಕಿಯೊಂದಿಗೆ ಹೋಲಿಸಿ.

ಪ್ರಶ್ನೆ: ಖಂಡಿತ ಹೋಗುತ್ತೇನೆ ಸರ್. ಬೇಸಿಗೆಯಲ್ಲೇ ಯಂತ್ರ ಇಳಿಸುತ್ತೇವೆ ಎನ್ನುತ್ತಾರಲ್ಲ?

ಉತ್ತರ: ಒಪ್ಪಬೇಡಿ, ಮೊದಲು ನೆಲದ ನಕ್ಷೆ ಕೇಳಿ. ನೀರು ಎಲ್ಲಿ ನಿಲ್ಲುತ್ತದೆ, ಯಂತ್ರ ಎಲ್ಲಿ ಹೂತುಹೋಗುತ್ತದೆ ಎಂಬುದನ್ನು ತೋರಿಸುವುದರಲ್ಲಿ ಲೇಸರಿನದು ನಿಜವಾದ ಉಪಕಾರ. ಸ್ಪ್ರೂಸಿನ ಬೇರು ಮೇಲುಮೇಲೆಯೇ ಹರಡುತ್ತದೆ. ಮೆತ್ತನೆಯ ನೆಲದಲ್ಲಿ ಚಕ್ರ ಹಾಯ್ದರೆ ಗಾಯವಾಗಿ, ಉಳಿಸಿಕೊಂಡ ಮರಗಳಿಗೇ ಕೊಳೆ ಹತ್ತುತ್ತದೆ. ಕೊಳೆ ತರುವ ಶಿಲೀಂಧ್ರದ ಬೀಜಕಣಗಳು ಹಾರಾಡುವುದೂ ಬೆಚ್ಚಗಿನ ತಿಂಗಳುಗಳಲ್ಲೇ. ತಗ್ಗು ಜಾಗಗಳನ್ನು ನೆಲ ಹೆಪ್ಪುಗಟ್ಟಿದ ಮೇಲೆ ಮಾತ್ರ ಕಡಿಯಬೇಕೆಂದು ಒಪ್ಪಂದದಲ್ಲೇ ಬರೆಸಿ.